ಕುಂಬಳ, ಕುಂಬಳೆ, ಕುಂಬಳಕಾಯಿ: ಪೈಥಾನ್‌ನಲ್ಲಿ ಪದ ಬದಲಿಸುವ ಮೊದಲ ಅಭ್ಯಾಸ

ಕಾಸರಗೋಡಿನ ಉತ್ತರ ಭಾಗದಲ್ಲಿ ಒಂದೇ ಊರಿಗೆ ಎರಡು ಬರವಣಿಗೆಗಳಿವೆ. ಕನ್ನಡದಲ್ಲಿ ನಾವು ಕುಂಬಳೆ ಎಂದು ಬರೆಯುವ ಊರು ಮಲಯಾಳದಲ್ಲಿ ಕುಂಬಳ. ನಮ್ಮ ಮಂಜೇಶ್ವರ ಅಲ್ಲಿ ಮಂಜೇಶ್ವರಂ. ಕಾಸರಗೋಡು ಕೊನೆಯ ಉಕಾರವನ್ನು ಬಿಟ್ಟು ಕಾಸರಗೋಡ್. ಮಲಯಾಳದಲ್ಲಿ ಬರೆಯುವವರು ಮಲಯಾಳದ ರೂಪವನ್ನು ಬಳಸುವುದು ಸಹಜ, ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆದರೆ ಮಲಯಾಳದಿಂದಲೋ ಇಂಗ್ಲಿಷಿನಿಂದಲೋ ಅನುವಾದವಾಗಿ ಬಂದ ಕನ್ನಡ ಬರಹದಲ್ಲೂ ಅವೇ ರೂಪಗಳು ಉಳಿದುಕೊಂಡರೆ, ಕನ್ನಡ ಮಾಧ್ಯಮದಲ್ಲಿ ಓದುವ ಇಲ್ಲಿನ ಮಕ್ಕಳಿಗೆ ತಮ್ಮ ಊರಿನ ಕನ್ನಡ ಹೆಸರೇ ಅಪರಿಚಿತವಾಗುತ್ತ ಹೋಗುತ್ತದೆ. ಈ ಹೆಸರುಗಳನ್ನು ತಿದ್ದುವ ಕೆಲಸವನ್ನೇ ಪ್ರೋಗ್ರಾಮಿಂಗ್‌ನ ಮೊದಲ ಅಭ್ಯಾಸವನ್ನಾಗಿ ಮಾಡಿಕೊಳ್ಳಬಹುದು ಎಂಬುದು ನನ್ನ ಅನುಭವ.

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಕಡೆಯ ಒಂದು ವಾಚನಾಲಯದ ಸ್ಮರಣ ಸಂಚಿಕೆಗೆ ಬಂದ ಲೇಖನಗಳನ್ನು ತಿದ್ದುವ ಹೊಣೆ ನನಗೆ ಬಂದಿತ್ತು. ಊರ ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ತರಲು ನಾನು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಒಂದು ಸಾಲು ಬರೆದು ಓಡಿಸಿದೆ, ಮೊದಲೆರಡು ಪುಟಗಳನ್ನು ನೋಡಿ ಸರಿಯಾಗಿದೆ ಎಂದು ತಿಳಿದು, ಉಳಿದದ್ದನ್ನು ನೋಡದೆ ಕರಡು ಪ್ರತಿಯನ್ನು ಲೇಖಕರಿಗೆ ಕಳುಹಿಸಿದೆ. ಸಂಜೆಯ ಹೊತ್ತಿಗೆ ಅಡುಗೆಯ ಲೇಖನ ಬರೆದ ಅಕ್ಕನ ಫೋನ್ ಬಂತು: "ಅಣ್ಣಾ, ನಾನು ಕುಂಬಳಕಾಯಿ ಮಜ್ಜಿಗೆಹುಳಿ ಅಂತ ಬರೆದದ್ದು, ಇಲ್ಲಿ ಎಂತ ಕುಂಬಳೆಕಾಯಿ ಅಂತ ಬಂದಿದೆ?" ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುತ್ತ ಹೋದಾಗಲೇ, ಪದ ಬದಲಿಸುವುದು ಎಂಬ ಸಣ್ಣ ಅಭ್ಯಾಸದಲ್ಲಿ ಕನ್ನಡದ ಲಿಪಿ ಮತ್ತು ವ್ಯಾಕರಣ ಎಷ್ಟು ಆಳವಾಗಿ ಸೇರಿಕೊಂಡಿವೆ ಎಂಬುದು ನನಗೆ ತಿಳಿಯಿತು. ಅದನ್ನು ಹಂತಹಂತವಾಗಿ ಇಲ್ಲಿ ವಿವರಿಸುತ್ತೇನೆ.

ಬೇಕಾದ ಸಿದ್ಧತೆ

ಪೈಥಾನ್ 3 ಇರುವ ಯಾವ ಕಂಪ್ಯೂಟರ್ ಆದರೂ ಸಾಕು. 2008ರಲ್ಲಿ ಬಂದ ಈ ಮೂರನೆಯ ಆವೃತ್ತಿಯಿಂದ ಪೈಥಾನ್‌ನ ಎಲ್ಲ ಸ್ಟ್ರಿಂಗ್‌ಗಳೂ ಯೂನಿಕೋಡ್‌ನಲ್ಲಿಯೇ ಇರುತ್ತವೆ, ಹಾಗಾಗಿ ಕನ್ನಡಕ್ಕೆಂದು ಪ್ರತ್ಯೇಕ ವ್ಯವಸ್ಥೆ ಮಾಡಬೇಕಾಗಿಲ್ಲ. ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಕೇತ ಕೊಡುವ ಏರ್ಪಾಡು. ಕೇರಳದ ಶಾಲೆಗಳ ಕಂಪ್ಯೂಟರ್‌ಗಳಲ್ಲಿರುವ ಲಿನಕ್ಸ್‌ನಲ್ಲಿ ಪೈಥಾನ್ ಮೊದಲೇ ಇರುತ್ತದೆ. ವಿಂಡೋಸ್ ಇರುವವರು ಪೈಥಾನ್‌ನ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಇದರೊಂದಿಗೆ ಬರುವ ಐಡಲ್ ಎಂಬ ಕಿಟಕಿ ಕಲಿಯುವವರಿಗೆ ಧಾರಾಳವಾಯಿತು.

ಸ್ಟ್ರಿಂಗ್ ಎಂದರೆ ಉದ್ಧರಣ ಚಿಹ್ನೆಗಳ ನಡುವೆ ಇಟ್ಟ ಅಕ್ಷರಗಳ ಸಾಲು. ವೇರಿಯಬಲ್ ಎಂದರೆ ಆ ಸಾಲಿಗೆ ನಾವು ಕೊಟ್ಟ ಹೆಸರು. ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಕನ್ನಡದ ಹೆಸರನ್ನೇ ಇಡಬಹುದು ಎಂಬುದು ನಮಗೆ ಸಂತೋಷದ ಸಂಗತಿ. ಕೆಳಗಿನ ಉದಾಹರಣೆಗಳಲ್ಲಿ ವಾಕ್ಯ, ಪಠ್ಯ, ಹೊಸತು ಮುಂತಾದ ಹೆಸರುಗಳು ಹಾಗೆಯೇ ಕೆಲಸ ಮಾಡುತ್ತವೆ. ಆದರೆ ಪ್ರಿಂಟ್, ರಿಪ್ಲೇಸ್, ಇಂಪೋರ್ಟ್ ಮುಂತಾದವು ಪೈಥಾನ್‌ನ ಸ್ವಂತ ಪದಗಳು. ಓದಲು ಅನುಕೂಲವಾಗಲೆಂದು ಅವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಟೈಪ್ ಮಾಡುವಾಗ ಅವನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿಯೇ ಬರೆಯಬೇಕು.

ನಿಮ್ಮ ಪಠ್ಯ ಯೂನಿಕೋಡ್‌ನಲ್ಲಿ ಇರಲೇಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರ್‌ನ ಪಾಲಿಗೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಷ್ಟೇ. ಅಂಥ ಕಡತವನ್ನು ಮೊದಲು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದುಕೊಳ್ಳಿ.

ಮೊದಲ ಬದಲಾವಣೆ

ವಾಕ್ಯ = "ನಮ್ಮ ರೈಲು ಮಂಜೇಶ್ವರಂ ದಾಟಿತು."
ಹೊಸತು = ವಾಕ್ಯ.ರಿಪ್ಲೇಸ್("ಮಂಜೇಶ್ವರಂ", "ಮಂಜೇಶ್ವರ")
ಪ್ರಿಂಟ್(ಹೊಸತು)

ಇದನ್ನು ಓಡಿಸಿದರೆ "ನಮ್ಮ ರೈಲು ಮಂಜೇಶ್ವರ ದಾಟಿತು." ಎಂದು ಬರುತ್ತದೆ. ಆವರಣದೊಳಗೆ ಮೊದಲು ಬರುವುದು ತೆಗೆಯಬೇಕಾದ ರೂಪ, ಅಲ್ಪವಿರಾಮದ ಬಳಿಕ ಬರುವುದು ಅದರ ಜಾಗದಲ್ಲಿ ಇರಿಸಬೇಕಾದ ರೂಪ. ಪಠ್ಯದಲ್ಲಿ ಹಳೆಯ ರೂಪ ಎಷ್ಟು ಸಲ ಬಂದಿದೆಯೋ ಅಷ್ಟು ಸಲವೂ ಬದಲಾಗುತ್ತದೆ. ಮೊದಲ ಒಂದನ್ನು ಮಾತ್ರ ಬದಲಿಸಬೇಕಿದ್ದರೆ ಮೂರನೆಯದಾಗಿ 1 ಎಂಬ ಸಂಖ್ಯೆಯನ್ನು ಸೇರಿಸಬೇಕು.

ಹೊಸಬರೆಲ್ಲರೂ ಎಡವುವ ಜಾಗವೊಂದು ಇಲ್ಲಿದೆ. ಎರಡನೆಯ ಸಾಲಿನಲ್ಲಿ "ಹೊಸತು =" ಎಂಬುದನ್ನು ಬಿಟ್ಟು ಬರಿದೆ ರಿಪ್ಲೇಸ್ ಮಾಡಿ, ಆಮೇಲೆ ವಾಕ್ಯವನ್ನು ಪ್ರಿಂಟ್ ಮಾಡಿದರೆ ಏನೂ ಬದಲಾಗಿರುವುದಿಲ್ಲ. ಪೈಥಾನ್‌ನಲ್ಲಿ ಒಮ್ಮೆ ಮಾಡಿದ ಸ್ಟ್ರಿಂಗ್ ಅನ್ನು ತಿದ್ದಲು ಬರುವುದಿಲ್ಲ. ರಿಪ್ಲೇಸ್ ಮೂಲವನ್ನು ಮುಟ್ಟದೆ, ತಿದ್ದಿದ ಹೊಸ ಪ್ರತಿಯೊಂದನ್ನು ನಮ್ಮ ಕೈಗೆ ಕೊಡುತ್ತದೆ. ಆ ಪ್ರತಿಗೆ ಹೆಸರು ಕೊಟ್ಟು ಹಿಡಿದುಕೊಳ್ಳದಿದ್ದರೆ ಅದು ಕಳೆದುಹೋಗುತ್ತದೆ. ಮೂಲ ಹಾಗೆಯೇ ಉಳಿಯುವುದರಿಂದ ತಪ್ಪಾದಾಗ ಹಿಂದಕ್ಕೆ ಹೋಗುವ ದಾರಿಯೂ ತೆರೆದಿರುತ್ತದೆ.

ಕಂಪ್ಯೂಟರ್ ಕಾಣುವ ಕನ್ನಡ

ಇನ್ನು ಕುಂಬಳೆಯ ವಿಷಯಕ್ಕೆ ಬರೋಣ. ಈ ಪಠ್ಯವನ್ನು ತೆಗೆದುಕೊಳ್ಳಿ:

ಪಠ್ಯ = "ಕುಂಬಳ ಪೇಟೆಯಲ್ಲಿ ಕುಂಬಳಕಾಯಿ ಕೊಂಡು, ಕುಂಬಳದಿಂದ ಬಸ್ಸು ಹತ್ತಿ, ಸಂಜೆಗೆ ಮತ್ತೆ ಕುಂಬಳೆಗೆ ಬಂದೆವು."
ಪ್ರಿಂಟ್(ಪಠ್ಯ.ರಿಪ್ಲೇಸ್("ಕುಂಬಳ", "ಕುಂಬಳೆ"))

ಬರುವ ಫಲಿತಾಂಶ ಇದು: "ಕುಂಬಳೆ ಪೇಟೆಯಲ್ಲಿ ಕುಂಬಳೆಕಾಯಿ ಕೊಂಡು, ಕುಂಬಳೆದಿಂದ ಬಸ್ಸು ಹತ್ತಿ, ಸಂಜೆಗೆ ಮತ್ತೆ ಕುಂಬಳೆೆಗೆ ಬಂದೆವು." ನಾಲ್ಕು ಜಾಗಗಳಲ್ಲಿ ಮೊದಲನೆಯದು ಮಾತ್ರ ಸರಿ. ಎರಡನೆಯದರಲ್ಲಿ ತರಕಾರಿ ಕೆಟ್ಟಿದೆ, ಮೂರನೆಯದರಲ್ಲಿ ವಿಭಕ್ತಿ ಕೆಟ್ಟಿದೆ, ನಾಲ್ಕನೆಯದರಲ್ಲಿ ಮೊದಲೇ ಸರಿಯಾಗಿದ್ದ ಪದಕ್ಕೆ ಇನ್ನೊಂದು ಎತ್ವ ಅಂಟಿಕೊಂಡಿದೆ.

ಕಾರಣ ತಿಳಿಯಲು ಹೀಗೆ ಕೇಳಿ ನೋಡಿ:

ಪ್ರಿಂಟ್(ಲಿಸ್ಟ್("ಕುಂಬಳೆ"))

ಪೈಥಾನ್ ಕೊಡುವ ಉತ್ತರದಲ್ಲಿ ಕ, ು, ಂ, ಬ, ಳ, ೆ ಎಂಬ ಆರು ತುಂಡುಗಳಿರುತ್ತವೆ. ನಾವು ಮೂರು ಅಕ್ಷರವೆಂದು ಎಣಿಸುವ ಪದ ಕಂಪ್ಯೂಟರ್‌ಗೆ ಆರು ಸಂಕೇತಗಳ ಸಾಲು. ವ್ಯಂಜನ ಒಂದು ಸಂಕೇತ, ಅದರ ಕೊಂಬು ಇನ್ನೊಂದು, ಸೊನ್ನೆ ಮತ್ತೊಂದು. ಕಾಸರಗೋಡು ಎಂಬ ಐದು ಅಕ್ಷರಗಳ ಹೆಸರನ್ನು, ಸಂಕೇತಗಳನ್ನು ಎಣಿಸುವ ಲೆನ್ ಎಂಬ ಫಂಕ್ಷನ್‌ಗೆ ಕೊಟ್ಟರೆ ಎಂಟು ಎಂದು ಹೇಳುವುದೂ ಇದೇ ಕಾರಣಕ್ಕೆ. ಕುಂಬಳ ಎಂಬುದು ಐದು ಸಂಕೇತಗಳು. ಕುಂಬಳೆಯಲ್ಲಿರುವುದು ಅದೇ ಐದು ಮತ್ತು ಒಂದು ಎತ್ವ. ಕುಂಬಳಕಾಯಿಯಲ್ಲಿ ಅದೇ ಐದರ ಮುಂದೆ ಇನ್ನೂ ನಾಲ್ಕು. ರಿಪ್ಲೇಸ್‌ಗೆ ಪದ ಎಂಬುದೇ ಗೊತ್ತಿಲ್ಲ. ಕೊಟ್ಟ ಐದು ಸಂಕೇತಗಳು ಅದೇ ಕ್ರಮದಲ್ಲಿ ಎಲ್ಲಿ ಸಿಕ್ಕರೂ, ಅದು ಪದದ ನಡುವೆಯೇ ಇರಲಿ, ಅಕ್ಷರದ ನಡುವೆಯೇ ಇರಲಿ, ಅದು ಬದಲಿಸಿಬಿಡುತ್ತದೆ. ಇಂಗ್ಲಿಷ್ ಉದಾಹರಣೆಗಳಲ್ಲಿ ಪದವನ್ನು ಸೀಳುವ ತಪ್ಪು ಮಾತ್ರ ಕಾಣಿಸುತ್ತದೆ. ಕನ್ನಡದಲ್ಲಿ ವ್ಯಂಜನವನ್ನೂ ಅದರ ಗುಣಿತ ಚಿಹ್ನೆಯನ್ನೂ ಬೇರ್ಪಡಿಸುವ ತಪ್ಪು ಅದರ ಮೇಲೆ ಸೇರುತ್ತದೆ.

ಇದೇ ಊರ ಹೆಸರನ್ನು ಹೊತ್ತ ಕ್ರಿಕೆಟ್ ಆಟಗಾರ ಅನಿಲ್ ಕುಂಬ್ಳೆಯವರ ಹೆಸರು ಮಾತ್ರ ಈ ಪ್ರೋಗ್ರಾಮ್‌ನಲ್ಲಿ ಕೆಡುವುದಿಲ್ಲ. ಅಲ್ಲಿ ಬಕಾರ ಮತ್ತು ಳಕಾರದ ನಡುವೆ ವ್ಯಂಜನದ ಸ್ವರವನ್ನು ತೆಗೆಯುವ ವಿರಾಮ ಚಿಹ್ನೆಯ (್) ಸಂಕೇತವೊಂದು ಇರುವುದರಿಂದ ಐದು ಸಂಕೇತಗಳ ಕ್ರಮ ಹೊಂದಿಕೆಯಾಗುವುದಿಲ್ಲ. ಲಿಸ್ಟ್ ಮೂಲಕ ಎರಡನ್ನೂ ಬಿಡಿಸಿ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒತ್ತಕ್ಷರ ಹೇಗೆ ರೂಪುಗೊಳ್ಳುತ್ತದೆ ಎಂಬುದು ಮಕ್ಕಳಿಗೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಪದದ ಅಂಚನ್ನು ಗುರುತಿಸುವುದು

ವಾಕ್ಯವನ್ನು ಸ್ಪ್ಲಿಟ್ ಬಳಸಿ ಪದಗಳಾಗಿ ಒಡೆದು, ಒಂದೊಂದನ್ನೇ ಹೋಲಿಸಿ ನೋಡುವುದು ಕೆಲವು ಪುಸ್ತಕಗಳು ಹೇಳುವ ಉಪಾಯ. ಆದರೆ ಪದಕ್ಕೆ ಅಂಟಿಕೊಂಡಿರುವ ಅಲ್ಪವಿರಾಮ, ಪೂರ್ಣವಿರಾಮಗಳೂ ಜೊತೆಗೇ ಬರುವುದರಿಂದ "ಕುಂಬಳ," ಎಂಬುದು "ಕುಂಬಳ"ಕ್ಕೆ ಸಮವಾಗುವುದಿಲ್ಲ. ಆ ದಾರಿಯಲ್ಲಿ ಹೆಚ್ಚು ದೂರ ಹೋಗುವುದು ಬೇಡ.

ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಹುಡುಕಾಟದ ವಿಧಾನ ಇದಕ್ಕಿಂತ ಬಲವಾದದ್ದು. ಪೈಥಾನ್‌ನಲ್ಲಿ ಅದು ಆರ್‌ಇ ಎಂಬ ಎರಡಕ್ಷರದ, ಇಂಪೋರ್ಟ್ ಮಾಡಿಕೊಂಡು ಬಳಸುವ ಮಾಡ್ಯೂಲ್‌ನಲ್ಲಿದೆ. ಅದರಲ್ಲಿ ಪದದ ಅಂಚನ್ನು ಸೂಚಿಸಲು ಹಿಂಬದಿಯ ಓರೆಗೆರೆ ಮತ್ತು ಬಿ ಅಕ್ಷರವನ್ನು ಬಳಸಬೇಕೆಂದು ಎಲ್ಲ ಪಾಠಗಳೂ ಹೇಳುತ್ತವೆ. ಕನ್ನಡಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಆ ಚಿಹ್ನೆಯ ಲೆಕ್ಕದಲ್ಲಿ ಪದವೆಂದರೆ ಅಕ್ಷರಗಳು, ಅಂಕೆಗಳು ಮತ್ತು ಅಡಿಗೆರೆ ಮಾತ್ರ. ನಮ್ಮ ಕೊಂಬು, ದೀರ್ಘ, ಎತ್ವ, ಸೊನ್ನೆಗಳನ್ನು ಅದು ಅಕ್ಷರವೆಂದು ಪರಿಗಣಿಸುವುದಿಲ್ಲ. ಹಾಗಾಗಿ ಕುಂಬಳೆ ಎಂಬ ಪದದಲ್ಲಿ ಳಕಾರ ಮುಗಿದು ಎತ್ವ ಆರಂಭವಾಗುವ ಜಾಗವನ್ನೇ ಪದದ ಕೊನೆಯೆಂದು ಅದು ಭಾವಿಸುತ್ತದೆ. ಕುಂಬಳಕಾಯಿ ಉಳಿಯುತ್ತದೆ, ಆದರೆ ಕುಂಬಳೆಗೆ ಎರಡು ಎತ್ವ ಬೀಳುವುದು ತಪ್ಪುವುದಿಲ್ಲ.

ಅಂಚನ್ನು ನಾವೇ ಹೇಳಿಕೊಡಬೇಕು. ಯೂನಿಕೋಡ್‌ನ ಕನ್ನಡ ವಿಭಾಗದಲ್ಲಿ ಸೊನ್ನೆ ಮತ್ತು ವಿಸರ್ಗಗಳು ಅಕಾರಕ್ಕಿಂತಲೂ ಮೊದಲು ಬರುತ್ತವೆ, ಆಮೇಲೆ ಸ್ವರಗಳು, ವ್ಯಂಜನಗಳು, ಗುಣಿತ ಚಿಹ್ನೆಗಳು, ಕೊನೆಯಲ್ಲಿ ಕನ್ನಡದ ಅಂಕೆಗಳು. ಆದ್ದರಿಂದ "ಸೊನ್ನೆಯಿಂದ (ಅನುಸ್ವಾರದ ಚಿಹ್ನೆ ಂ) ಒಂಬತ್ತರ ಅಂಕೆಯವರೆಗೆ (೯)" ಎಂದರೆ ಬಳಕೆಯ ಕನ್ನಡವೆಲ್ಲ ಅದರೊಳಗೆ ಬರುತ್ತದೆ.

ಇಂಪೋರ್ಟ್ ಆರ್‌ಇ
ಹೊಸತು = ಆರ್‌ಇ.ಸಬ್("(?<![ಂ-೯])ಕುಂಬಳ(?![ಂ-೯])", "ಕುಂಬಳೆ", ಪಠ್ಯ)

ಮೊದಲ ಆವರಣದ ಅರ್ಥ, ಎಡಗಡೆಯಲ್ಲಿ ಕನ್ನಡದ ಯಾವ ಸಂಕೇತವೂ ಇರಬಾರದು ಎಂದು. ಕೊನೆಯ ಆವರಣದ ಅರ್ಥ, ಬಲಗಡೆಯಲ್ಲಿಯೂ ಇರಬಾರದು ಎಂದು. ಸೊನ್ನೆಯು ಚೌಕ ಆವರಣಕ್ಕೆ ಅಂಟಿಕೊಂಡಂತೆ ಪರದೆಯಲ್ಲಿ ವಿಚಿತ್ರವಾಗಿ ಕಾಣಿಸಬಹುದು, ಅದರಿಂದ ಕೆಲಸಕ್ಕೆ ತೊಂದರೆಯಿಲ್ಲ. ಈಗ ಓಡಿಸಿದರೆ ಮೊದಲ ಕುಂಬಳ ಮಾತ್ರ ಕುಂಬಳೆಯಾಗುತ್ತದೆ, ಕುಂಬಳಕಾಯಿಯೂ ಕುಂಬಳೆಯೂ ಇದ್ದಂತೆಯೇ ಇರುತ್ತವೆ. ಉಳಿದಿರುವುದು ಕುಂಬಳದಿಂದ ಎಂಬ ಪದ.

ವಿಭಕ್ತಿಯ ಪ್ರಶ್ನೆ

ಈ ಅಭ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಕನ್ನಡದಲ್ಲಿ ಹೆಸರು ಒಂಟಿಯಾಗಿ ಬರುವುದಕ್ಕಿಂತ ಪ್ರತ್ಯಯವನ್ನು ಹೊತ್ತು ಬರುವುದೇ ಹೆಚ್ಚು. "ರಾಷ್ಟ್ರಕವಿ ಗೋವಿಂದ ಪೈಗಳು 1883ರಲ್ಲಿ ಮಂಜೇಶ್ವರಂನಲ್ಲಿ ಜನಿಸಿದರು" ಎಂಬ ವಾಕ್ಯದಲ್ಲಿ ಮಂಜೇಶ್ವರಂ ಎಂಬುದನ್ನು ಮಂಜೇಶ್ವರ ಎಂದು ಬದಲಿಸಿದರೆ "ಮಂಜೇಶ್ವರನಲ್ಲಿ ಜನಿಸಿದರು" ಎಂದಾಗುತ್ತದೆ. ಊರು ಹೋಗಿ, ಮಂಜೇಶ್ವರ ಎಂಬ ಹೆಸರಿನ ಪುರುಷನೋ ದೇವರೋ ಬಂದು ನಿಲ್ಲುತ್ತಾನೆ. ಮಂಜೇಶ್ವರಂಗೆ ಎಂಬುದು ಮಂಜೇಶ್ವರಗೆ ಎಂದಾಗುತ್ತದೆ. ಅಕ್ಷರಗಳ ಲೆಕ್ಕದಲ್ಲಿ ಬದಲಾವಣೆ ಸರಿಯಾಗಿಯೇ ನಡೆದಿದೆ, ಆದರೆ ವಾಕ್ಯ ಕನ್ನಡವಾಗಿ ಉಳಿದಿಲ್ಲ.

ಮಂಜೇಶ್ವರಂನಲ್ಲಿ, ಮಂಜೇಶ್ವರಂನಿಂದ, ಮಂಜೇಶ್ವರಂನ, ಮಂಜೇಶ್ವರಂನವರು ಎಂದು ಒಂದೊಂದಕ್ಕೂ ಪ್ರತ್ಯೇಕ ನಿಯಮ ಬರೆಯಬೇಕೆಂದು ನಾನು ಮೊದಲು ತಿಳಿದಿದ್ದೆ. ಪಟ್ಟಿ ಬೆಳೆಯುತ್ತ ಹೋದಾಗ ಗಮನಕ್ಕೆ ಬಂದ ಸಂಗತಿಯೆಂದರೆ, ಇವೆಲ್ಲವುಗಳ ಆರಂಭದಲ್ಲಿ "ಮಂಜೇಶ್ವರಂನ" ಎಂಬ ಒಂದೇ ಸರಣಿ ಇದೆ. ಅದನ್ನು "ಮಂಜೇಶ್ವರದ" ಎಂದು ಬದಲಿಸಿದರೆ ಮುಂದೆ ಲ್ಲಿ ಇದ್ದರೆ ಮಂಜೇಶ್ವರದಲ್ಲಿ, ಗುಡಿಸು ಮತ್ತು ಂದ ಇದ್ದರೆ ಮಂಜೇಶ್ವರದಿಂದ, ವರು ಇದ್ದರೆ ಮಂಜೇಶ್ವರದವರು ಎಂದು ತಾನಾಗಿಯೇ ಸರಿಹೊಂದುತ್ತದೆ. ನಕಾರದ ಮೇಲಿದ್ದ ಗುಡಿಸು ನಕಾರ ಹೋದ ಮೇಲೂ ಉಳಿದು, ಹೊಸದಾಗಿ ಬಂದ ದಕಾರದ ಮೇಲೆ ಕುಳಿತುಕೊಳ್ಳುತ್ತದೆ. ಕುಂಬಳಕಾಯಿಯನ್ನು ಕೆಡಿಸಿದ್ದು ಯಾವ ಗುಣವೋ, ಅದೇ ಗುಣ ಇಲ್ಲಿ ಒಂದು ನಿಯಮದಿಂದ ನಾಲ್ಕು ರೂಪಗಳನ್ನು ತಿದ್ದಿಕೊಡುತ್ತದೆ.

ಕುಂಬಳೆಗೂ ಇದೇ ರೀತಿ. ಶಾಲೆಯಲ್ಲಿ ಕಲಿತ ಆಗಮ ಸಂಧಿಯನ್ನು ನೆನಪಿಸಿಕೊಳ್ಳಿ: ಅಕಾರದಿಂದ ಮುಗಿಯುವ ಪದದ ಮುಂದೆ ಸ್ವರ ಬಂದರೆ ವಕಾರ ಸೇರುತ್ತದೆ, ಎಕಾರದಿಂದ ಮುಗಿಯುವ ಪದದ ಮುಂದೆ ಯಕಾರ ಸೇರುತ್ತದೆ. ಆದ್ದರಿಂದ ಕುಂಬಳವನ್ನು, ಕುಂಬಳವೂ, ಕುಂಬಳವೇ ಎಂಬಲ್ಲೆಲ್ಲ "ಕುಂಬಳವ" ಎಂಬುದನ್ನು "ಕುಂಬಳೆಯ" ಎಂದು ಬದಲಿಸಿದರೆ ಕುಂಬಳೆಯನ್ನು, ಕುಂಬಳೆಯೂ, ಕುಂಬಳೆಯೇ ದೊರೆಯುತ್ತವೆ. "ಕುಂಬಳದ" ಎಂಬುದನ್ನೂ "ಕುಂಬಳೆಯ" ಎಂದೇ ಬದಲಿಸಿದರೆ ಕುಂಬಳೆಯಲ್ಲಿ, ಕುಂಬಳೆಯಿಂದ, ಕುಂಬಳೆಯವರು ಎಲ್ಲವೂ ಸರಿಯಾಗುತ್ತವೆ. ವ್ಯಾಕರಣದ ಒಂದು ಸೂತ್ರ ಪ್ರೋಗ್ರಾಮ್‌ನ ಒಂದು ಸಾಲಾಗಿ ನಿಲ್ಲುವುದನ್ನು ಕಣ್ಣಾರೆ ಕಂಡ ಮಗು ಸಂಧಿಯನ್ನು ಮತ್ತೆಂದೂ ಬಾಯಿಪಾಠದ ವಿಷಯವೆಂದು ಭಾವಿಸಲಾರದು.

ಆದರೆ ಬೂದುಕುಂಬಳದ ಪಲ್ಯ ಎಂದು ಪಠ್ಯದಲ್ಲಿ ಬಂದರೆ ಈ ನಿಯಮ ಅದನ್ನು ಬೂದುಕುಂಬಳೆಯ ಪಲ್ಯ ಮಾಡಿಬಿಡುತ್ತದೆ. ಇದಕ್ಕೆ ಎಡಗಡೆಯ ಕಾವಲು ಸಾಕು. ಕನ್ನಡದಲ್ಲಿ ಪ್ರತ್ಯಯಗಳು ಸೇರುವುದು ಪದದ ಬಲಗಡೆಗೆ. ಆದ್ದರಿಂದ ಊರ ಹೆಸರಿನ ಎಡ ಅಂಚನ್ನು ಯಾವಾಗಲೂ ಕಾಯಬೇಕು, ಬಲ ಅಂಚನ್ನು ಹೆಸರು ಒಂಟಿಯಾಗಿ ಬರುವ ನಿಯಮದಲ್ಲಿ ಮಾತ್ರ ಕಾಯಬೇಕು. ಇಂಗ್ಲಿಷ್ ಪಾಠಗಳಂತೆ ಎರಡೂ ಕಡೆ ಮುಚ್ಚಿದರೆ ವಿಭಕ್ತಿ ಹೊತ್ತ ರೂಪಗಳು ಒಂದೂ ಸಿಗುವುದಿಲ್ಲ.

ನಿಯಮಗಳನ್ನು, ಹಳೆಯ ರೂಪವನ್ನೂ ಹೊಸದನ್ನೂ ಜೋಡಿಯಾಗಿ ಇಡುವ ಡಿಕ್ಷನರಿ ಎಂಬ ರಚನೆಯಲ್ಲಿ ಒಟ್ಟಿಗೆ ಇಟ್ಟುಕೊಳ್ಳೋಣ:

ಬದಲಿ = {
    "ಮಂಜೇಶ್ವರಂ ಅನ್ನು": "ಮಂಜೇಶ್ವರವನ್ನು",
    "ಮಂಜೇಶ್ವರಂನ": "ಮಂಜೇಶ್ವರದ",
    "ಮಂಜೇಶ್ವರಂಗೆ": "ಮಂಜೇಶ್ವರಕ್ಕೆ",
    "ಮಂಜೇಶ್ವರಂ": "ಮಂಜೇಶ್ವರ",
    "ಕುಂಬಳಕ್ಕೆ": "ಕುಂಬಳೆಗೆ",
    "ಕುಂಬಳದ": "ಕುಂಬಳೆಯ",
    "ಕುಂಬಳವ": "ಕುಂಬಳೆಯ",
    "ಕುಂಬಳ(?![ಂ-೯])": "ಕುಂಬಳೆ",
}

ಫಾರ್ ಹಳೆ, ಹೊಸ ಇನ್ ಬದಲಿ.ಐಟಮ್ಸ್():
    ಪಠ್ಯ = ಆರ್‌ಇ.ಸಬ್("(?<![ಂ-೯])" + ಹಳೆ, ಹೊಸ, ಪಠ್ಯ)

ಪೈಥಾನ್ 3.7ರಿಂದ ಈಚೆಗೆ ಡಿಕ್ಷನರಿಯು ನಾವು ಬರೆದ ಕ್ರಮವನ್ನು ಕಾಪಾಡುತ್ತದೆ, ಮತ್ತು ಇಲ್ಲಿ ಕ್ರಮವೇ ಪ್ರಧಾನ. ಉದ್ದನೆಯ ರೂಪಗಳು ಮೊದಲು, ಒಂಟಿ ಹೆಸರು ಕೊನೆಗೆ. ಮಂಜೇಶ್ವರಂ ಎಂಬ ಒಂಟಿ ನಿಯಮವನ್ನು ಮೇಲಕ್ಕೆ ತಂದರೆ ಅದು ಎಲ್ಲ ಸೊನ್ನೆಗಳನ್ನೂ ಮೊದಲೇ ತೆಗೆದುಹಾಕುತ್ತದೆ, ಉಳಿದ ನಿಯಮಗಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಕ್ರಮವನ್ನು ಬೇಕೆಂದೇ ಬದಲಿಸಿ ಒಮ್ಮೆ ಓಡಿಸಿ ನೋಡಿ. ಹೇಳಿದ್ದಕ್ಕಿಂತ ಕಂಡದ್ದು ಚೆನ್ನಾಗಿ ನೆನಪಿರುತ್ತದೆ.

ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ

ಎಲ್ಲವನ್ನೂ ಸರಿಯಾಗಿ ಬರೆದ ಮೇಲೂ ಕೆಲವು ಪದಗಳು ಬದಲಾಗದೆ ಉಳಿಯುತ್ತವೆ. ಪರದೆಯ ಮೇಲೆ ನೋಡಿದರೆ ವ್ಯತ್ಯಾಸವೇ ಕಾಣುವುದಿಲ್ಲ. ಇದರ ಹಿಂದೆ ನಾನು ಕಂಡ ಮೂರು ಕಾರಣಗಳಿವೆ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು, ಅನುಸ್ವಾರದ ಜಾಗದಲ್ಲಿ ಕನ್ನಡದ ಸ್ವಂತ ಅಂಕೆಯಾದ ೦ ಅನ್ನು ಟೈಪ್ ಮಾಡುವುದು. "ಕು೦ಬಳ" ಎಂದು ಹೀಗೆ ಬರೆದದ್ದನ್ನು ಓದುವವರಾರೂ ತಪ್ಪು ಎನ್ನುವುದಿಲ್ಲ, ಆದರೆ ನಮ್ಮ ನಿಯಮಕ್ಕೆ ಅದು ಬೇರೆಯೇ ಸರಣಿ. ಎಲ್ಲ ೦ಗಳನ್ನೂ ಅನುಸ್ವಾರವಾಗಿ ಬದಲಿಸಿದರೆ ೨೦೧೦ ಎಂಬ ಇಸವಿ ಹಾಳಾಗುತ್ತದೆ. ಅಕ್ಷರ ಅಥವಾ ಗುಣಿತ ಚಿಹ್ನೆಯ ಬೆನ್ನಿಗೇ ಬಂದ ಅಂಕೆಯನ್ನು ಮಾತ್ರ ಬದಲಿಸಬೇಕು:

ಪಠ್ಯ = ಆರ್‌ಇ.ಸಬ್("(?<=[ಅ-ೌ])೦", "ಂ", ಪಠ್ಯ)

ಇನ್ನೊಂದು ಕಾರಣ ಓತ್ವ, ಏತ್ವಗಳ ಎರಡು ಬಗೆ. ಕಾಸರಗೋಡು ಎಂಬುದರಲ್ಲಿರುವ ೋ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಇರಿಸಬಹುದು. ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಲೆನ್ ಮೊದಲನೆಯದಕ್ಕೆ 8, ಎರಡನೆಯದಕ್ಕೆ 10 ಎಂದು ಹೇಳುತ್ತದೆ. ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಎಂಬ ಸೂಚನೆ ಕೊಟ್ಟರೆ ಬಿಡಿಸಿಟ್ಟದ್ದೆಲ್ಲ ಒಂದಾಗುತ್ತದೆ. ಬೇರೆಯವರಿಂದ ಬಂದ ಪಠ್ಯವನ್ನು ತಿದ್ದಲು ತೊಡಗುವ ಮೊದಲು ಇದನ್ನು ಮಾಡಿಯೇ ಮುಂದುವರಿಯಬೇಕು:

ಇಂಪೋರ್ಟ್ ಯೂನಿಕೋಡ್‌ಡೇಟಾ
ಪಠ್ಯ = ಯೂನಿಕೋಡ್‌ಡೇಟಾ.ನಾರ್ಮಲೈಸ್("ಎನ್‌ಎಫ್‌ಸಿ", ಪಠ್ಯ)

ಇಲ್ಲಿ ಎನ್‌ಎಫ್‌ಸಿ ಎಂಬುದನ್ನು ರೋಮನ್ ಲಿಪಿಯ ಮೂರು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು.

ಕಣ್ಣಿಗೆ ಕಾಣದ ಸಂಕೇತ ಕೊನೆಯ ಕಾರಣ. "ಕಾಸರಗೋಡ್‌ನಲ್ಲಿ" ಎಂದು ಬರೆಯುವಾಗ ನಕಾರವು ಒತ್ತಾಗಿ ಕೆಳಗೆ ಇಳಿಯದಿರಲು ಡ್ ಬಳಿಕ ಅಗೋಚರವಾದ ಒಂದು ಸಂಕೇತವನ್ನು ಹಾಕಿರುತ್ತಾರೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಇಡೀ ಪಠ್ಯದಿಂದ ಅದನ್ನು ಅಳಿಸಿಬಿಡೋಣ ಎಂದುಕೊಳ್ಳಬೇಡಿ. ಬ್ಯಾಂಕ್‌ನಲ್ಲಿ, ಬಸ್‌ನಿಂದ ಮುಂತಾದ ಪದಗಳೆಲ್ಲ ವಿಕಾರವಾಗುತ್ತವೆ. "ಕಾಸರಗೋಡ್‌ನ" ಮತ್ತು "ಕಾಸರಗೋಡ್ನ" ಎರಡನ್ನೂ ಪ್ರತ್ಯೇಕವಾಗಿ "ಕಾಸರಗೋಡಿನ" ಎಂದು ಬದಲಿಸುವ ಎರಡು ನಿಯಮಗಳನ್ನು ಪಟ್ಟಿಗೆ ಸೇರಿಸಿ, ಗೆ ಪ್ರತ್ಯಯಕ್ಕೂ ಹಾಗೆಯೇ ಎರಡನ್ನು ಬರೆಯಿರಿ.

ಒಬ್ಬರ ಹೆಸರಿನ ಹಲವು ಬರಹಗಳನ್ನು ಒಂದಕ್ಕೆ ತರಲು ಕೂಡ ಇದೇ ಪಟ್ಟಿ ಸಾಕು. ನಮ್ಮ ನೆಲದ ಹಿರಿಯ ಕವಿ, 1915ರಿಂದ 2015ರವರೆಗೆ ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನಲ್ಲಿರುವ ಞಕಾರದ ಒತ್ತನ್ನು ಟೈಪ್ ಮಾಡುವುದು ಹಲವರಿಗೆ ಕಷ್ಟವಾಗಿ ಕಿಂಞಣ್ಣ, ಕಿಞಣ್ಣ ಎಂದೆಲ್ಲ ಬರೆಯುತ್ತಾರೆ. ಇವನ್ನು ತಿದ್ದುವಾಗ ಹೆಸರನ್ನು ಪೂರ್ತಿಯಾಗಿ ಬರೆಯಬೇಕು. ಕೆಲಸ ಹಗುರವಾಗಲೆಂದು "ಞಣ್ಣ" ಎಂಬ ತುಂಡನ್ನು "ಞ್ಞಣ್ಣ" ಎಂದು ರಿಪ್ಲೇಸ್ ಮಾಡಲು ಹೊರಟರೆ, ಸರಿಯಾಗಿ ಬರೆದವರ ಬರಹದಲ್ಲೂ ಆ ತುಂಡು ಇರುವುದರಿಂದ ಅವರದು ಕೆಡುತ್ತದೆ.

ಕಡತಕ್ಕೆ ಅನ್ವಯಿಸುವ ಮೊದಲು

ಕಡತವನ್ನು ಓದುವಾಗಲೂ ಬರೆಯುವಾಗಲೂ ಎನ್‌ಕೋಡಿಂಗ್ ಯುಟಿಎಫ್-8 ಎಂದು (ಯೂನಿಕೋಡ್ ಸಂಕೇತಗಳನ್ನು ಕಡತದಲ್ಲಿ ಉಳಿಸುವ ಕ್ರಮ ಇದು) ಸ್ಪಷ್ಟವಾಗಿ ಸೂಚಿಸಿ. ವಿಂಡೋಸ್‌ನಲ್ಲಿ ಇದನ್ನು ಬಿಟ್ಟರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರಬಹುದು. ತಿದ್ದಿದ್ದನ್ನು ಬೇರೆ ಹೆಸರಿನ ಕಡತಕ್ಕೆ ಬರೆಯಿರಿ, ಮೂಲದ ಮೇಲೆಯೇ ಬರೆಯಬೇಡಿ.

ಮೇಲಿನ ಹಂತಗಳನ್ನೆಲ್ಲ ತಿದ್ದು ಎಂಬ ಒಂದು ಫಂಕ್ಷನ್‌ನೊಳಗೆ ಸೇರಿಸಿ: ಮೊದಲು ನಾರ್ಮಲೈಸ್, ಆಮೇಲೆ ೦ ತಿದ್ದುಪಡಿ, ಕೊನೆಗೆ ಪಟ್ಟಿ. ಬಳಿಕ ಎರಡು ಪರೀಕ್ಷೆಗಳನ್ನು ತಪ್ಪದೆ ಮಾಡಿ. ತಿದ್ದಿದ ಪಠ್ಯವನ್ನೇ ಮತ್ತೊಮ್ಮೆ ತಿದ್ದಿದರೆ ಏನೂ ಬದಲಾಗಬಾರದು:

ಪ್ರಿಂಟ್(ತಿದ್ದು(ತಿದ್ದು(ಪಠ್ಯ)) == ತಿದ್ದು(ಪಠ್ಯ))

ಉತ್ತರ ಟ್ರೂ ಎಂದು ಬರಬೇಕು. ನಾನು ಸ್ಮರಣ ಸಂಚಿಕೆಗೆ ಬರೆದ ಮೊದಲ ಸಾಲು ಈ ಪರೀಕ್ಷೆಯಲ್ಲಿ ಉಳಿಯುತ್ತಿರಲಿಲ್ಲ, ಏಕೆಂದರೆ ಪ್ರತಿ ಸಲ ಓಡಿಸಿದಾಗಲೂ ಒಂದೊಂದು ಎತ್ವ ಹೆಚ್ಚಾಗುತ್ತಿತ್ತು.

ಎರಡನೆಯ ಪರೀಕ್ಷೆಯನ್ನು ಮನುಷ್ಯರೇ ಮಾಡಬೇಕು. ಬದಲಾದ ಸಾಲುಗಳನ್ನು ಮಾತ್ರ ಹಳೆಯದು, ಹೊಸದು ಎಂದು ಒಂದರ ಕೆಳಗೊಂದು ಮುದ್ರಿಸಿ ಓದಿ:

ಫಾರ್ ಸಾಲು ಇನ್ ಪಠ್ಯ.ಸ್ಪ್ಲಿಟ್‌ಲೈನ್ಸ್():
    ಇಫ್ ತಿದ್ದು(ಸಾಲು) != ಸಾಲು:
        ಪ್ರಿಂಟ್(ಸಾಲು)
        ಪ್ರಿಂಟ್(ತಿದ್ದು(ಸಾಲು))

"ಕುಂಬಳದ ಬೀಜ" ಎಂದು ಯಾರಾದರೂ ಬರೆದಿದ್ದರೆ ನಮ್ಮ ಪ್ರೋಗ್ರಾಮ್ ಅದನ್ನು "ಕುಂಬಳೆಯ ಬೀಜ" ಮಾಡಿರುತ್ತದೆ. ಅದು ಊರೋ ತರಕಾರಿಯೋ ಎಂಬುದನ್ನು ಅಕ್ಷರಗಳಿಂದ ನಿರ್ಧರಿಸಲು ಸಾಧ್ಯವಿಲ್ಲ, ವಾಕ್ಯವನ್ನು ಅರ್ಥ ಮಾಡಿಕೊಂಡವರೇ ನಿರ್ಧರಿಸಬೇಕು. ಹಾಗೆಯೇ ಯಾವುದಾದರೂ ಸಂಸ್ಥೆಯ ನೋಂದಾಯಿತ ಹೆಸರು, ಅಂಚೆ ವಿಳಾಸ, ಇನ್ನೊಬ್ಬರ ಬರಹದಿಂದ ಉದ್ಧರಿಸಿದ ಮಾತು ಇವುಗಳಲ್ಲಿ ಮೂಲದ ರೂಪವನ್ನೇ ಉಳಿಸುವುದು ಸರಿಯೆಂದು ನನ್ನ ಅಭಿಪ್ರಾಯ. ನಲವತ್ತು ಪುಟಗಳ ಸಂಚಿಕೆಯಲ್ಲಿ ಬದಲಾದ ಸಾಲುಗಳನ್ನಷ್ಟೇ ಓದಲು ಅರ್ಧ ಗಂಟೆ ಸಾಕು.

ಇಷ್ಟನ್ನು ಮಾಡಿ ಮುಗಿಸಿದವರು ಬೇಡಡ್ಕ ಎಂಬ ಊರಿನ ಹೆಸರನ್ನು ತೆಗೆದುಕೊಂಡು ಸ್ವತಂತ್ರವಾಗಿ ಪ್ರಯತ್ನಿಸಬಹುದು. ಮಲಯಾಳದಿಂದ ಬಂದ ಬರಹದಲ್ಲಿ ಅದು ಬೇಡಕಂ ಎಂದಿರುತ್ತದೆ. ಬೇಡಕಂನ, ಬೇಡಕಂಗೆ, ಬೇಡಕಂ ಎಂಬ ಮೂರು ರೂಪಗಳಿಗೆ ನಿಯಮ ಬರೆಯಿರಿ; ಯಾವುದು ಮೊದಲು, ಯಾವುದು ಕೊನೆಗೆ ಎಂದು ಯೋಚಿಸಿ; ಮತ್ತು "ಬೇಡಕಂಗೆ ಹೋಗುವುದು ಬೇಡ, ಬೇಡಕಂನವರು ಇಲ್ಲಿಗೇ ಬರುತ್ತಾರೆ" ಎಂಬ ವಾಕ್ಯವನ್ನು ಕೊಟ್ಟಾಗ ನಡುವಿನ ಬೇಡ ಎಂಬ ಮಾತು ಹಾಗೆಯೇ ಉಳಿದಿದೆಯೇ ಎಂದು ಪರೀಕ್ಷಿಸಿ.